ಹೊಟ್ಟೆಕೇಕಿನ ಹೆಸರು

ಆ ಊರಿನ ಸ್ಟೇಷನ್ನಿನಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಂತಷ್ಟು ಹೊತ್ತಿನಲ್ಲೇ ಜನ ಇಳಿದು, ರಸ್ತೆ ದಾಟಿ, ಎದುರಿನ ಬೇಕರಿಗೆ ನುಗ್ಗಿ, ರಟ್ಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಮತ್ತೆ ರೈಲು ಹತ್ತಿಕೊಳ್ಳುತ್ತಾರೆ. ಡಬ್ಬಿಯಲ್ಲಿರುವುದು ಹೊಟ್ಟೆಕೇಕು. ಎರಡು ಮೆತ್ತನೆಯ ಬಿಲ್ಲೆಗಳ ನಡುವೆ ಹೆಬ್ಬೆರಳು ದಪ್ಪಕ್ಕೆ ಕಸ್ಟರ್ಡ್ ತುಂಬಿ, ಮೇಲೆ ಸಕ್ಕರೆಪುಡಿ ಉದುರಿಸಿದ ಕೇಕು. ಹೊಟ್ಟೆಯಲ್ಲಿ ಸರಕಿರುವುದರಿಂದ ಆ ಹೆಸರು. ಹೊರಗಿನವರು ಹೆಸರು ಕೇಳಿ ನಗುತ್ತಾರೆ. ಊರಿನವರು ನಗುವುದಿಲ್ಲ. ಅವರ ಮುಂದೆ ಹೊಟ್ಟೆಕೇಕಿನ ಬಗ್ಗೆ ಮೂಗು ಮುರಿದರೆ ಹೆತ್ತ ತಾಯಿಯ ಬಗ್ಗೆ ಆಡಿದ ಹಾಗೆ. ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದರೆ, ಅಮ್ಮನ ಮುಖ ನೋಡುವ ಮೊದಲು ಬೇಕರಿಯ ಮುಖ ನೋಡುತ್ತಾರೆ ಎಂಬ ಮಾತೇ ಇತ್ತು.

ಆ ಕಸ್ಟರ್ಡ್ ಕಾಯಿಸುವ ಹೆಂಗಸನ್ನು ಊರೆಲ್ಲ ಕಸ್ಟರ್ಡಕ್ಕ ಎಂದೇ ಕರೆಯುತ್ತಿತ್ತು. ಗಿಡ್ಡ ಆಳು, ಅಗಲ ಮುಖ, ಬಲಗೈ ಎಡಗೈಗಿಂತ ಕಣ್ಣಿಗೆ ಕಾಣುವಷ್ಟು ದಪ್ಪ. ಸೌಟು ತಿರುವಿ ತಿರುವಿ ಬೆಳೆದ ಕೈ ಅದು. ಗಂಡ ಬೀಗ ರಿಪೇರಿಯವನು, ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಅತ್ತೆಯದು.

ಅತ್ತೆಯೇ ಆ ಬೇಕರಿಯಲ್ಲಿ ಮೊಟ್ಟಮೊದಲು ಕಸ್ಟರ್ಡ್ ಕಾಯಿಸಿದವಳು. ದೊಡ್ಡ ಯಜಮಾನರು ಒಲೆ ಹೂಡಿದ ಕಾಲದಿಂದ, ಸೊಂಟ ಬಿದ್ದುಹೋಗುವವರೆಗೂ, ಹಿಂದಿನ ಕೋಣೆಯ ಆ ಒಲೆ ಅವಳದೇ. ಊಟದ ವಿಷಯದಲ್ಲಿ ಅವಳ ನಾಲಿಗೆಗೆ ದಾಕ್ಷಿಣ್ಯ ಅನ್ನುವುದೇ ಇರಲಿಲ್ಲ. ಮಗನ ಮದುವೆಯ ದಿನವೇ, ಬೀಗರ ಎದುರಿಗೇ, ‘ಅಡುಗೆ ಮಾಡಿದವರು ಯಾರು, ಉಪ್ಪು ಮನೇಲೇ ಮರೆತು ಬಂದ್ರಾ?’ ಎಂದು ಕೇಳಿದವಳು. ನೆಂಟರು ಅವಳನ್ನು ಊಟಕ್ಕೆ ಕರೆಯುವಾಗ ಎರಡು ಸಲ ಯೋಚಿಸುತ್ತಿದ್ದರು. ಕರೆದ ಮೇಲೆ, ಅವಳು ಎರಡನೇ ಸಲ ಬಡಿಸಿಕೊಂಡಳೆಂದರೆ ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದರು.

ಸೊಸೆಗೆ ಮದುವೆಯಾಗಿ ಬಂದ ಹೊಸತರಲ್ಲಿ ಹಾಲು ಕಾಯಿಸಲೂ ನೆಟ್ಟಗೆ ಬರುತ್ತಿರಲಿಲ್ಲ. ಅತ್ತೆ ಅವಳನ್ನು ಬೇಕರಿಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ನಿಲ್ಲಿಸಿದಳು. ಮೊಟ್ಟೆಯ ಹಳದಿ ಬೇರೆ, ಬಿಳಿ ಬೇರೆ. ಹಳದಿಗೆ ಸಕ್ಕರೆ ಹಾಕಿ ಬಣ್ಣ ತಿಳಿಯಾಗುವವರೆಗೆ ಕಡೆಯಬೇಕು. ಬಿಸಿ ಹಾಲನ್ನು ಎಳೆ ಎಳೆಯಾಗಿ ಬಿಡಬೇಕು. ಆಮೇಲೆ ಸಣ್ಣ ಉರಿ, ಮರದ ಸೌಟು, ನಿಲ್ಲದ ಕೈ. ಉರಿ ಒಂದು ಚೂರು ಹೆಚ್ಚಾದರೂ ಮೊಟ್ಟೆ ಹೆಪ್ಪುಗಟ್ಟಿ ಕಸ್ಟರ್ಡ್ ಒಡೆದುಹೋಗುತ್ತದೆ. ಅವಳದ್ದು ಎಷ್ಟೋ ಸಲ ಒಡೆಯಿತು. ಒಡೆದಾಗಲೆಲ್ಲ ಅತ್ತೆ ಬಟ್ಟಲಿಗೆ ಹಾಕಿ ಅವಳ ಕೈಗೇ ಕೊಡುತ್ತಿದ್ದಳು.

‘ತಿನ್ನು. ನಿನ್ನ ಗಂಟಲಲ್ಲೇ ಇಳೀದೇ ಇದ್ದದ್ದು ದುಡ್ಡು ಕೊಟ್ಟವರ ಗಂಟಲಲ್ಲಿ ಹೇಗೆ ಇಳಿಯುತ್ತೆ?’

ಅಳುತ್ತ ತಿಂದಳು, ಕಲಿತಳು. ಅತ್ತೆಯ ಸೊಂಟ ಕೈಕೊಟ್ಟಾಗ ಒಲೆ ಅವಳ ಪಾಲಿಗೆ ಬಂತು, ಹೆಸರೂ ಬಂತು.

ದೊಡ್ಡ ಯಜಮಾನರು ಹೋದ ಮೇಲೆ ಮಗ ಗಲ್ಲಾದ ಮೇಲೆ ಕೂತ. ಚಿಕ್ಕ ಯಜಮಾನ ಕೆಟ್ಟವನಲ್ಲ. ಚಡ್ಡಿ ಹಾಕಿಕೊಂಡು ಓಡಾಡುವಾಗ ಕಸ್ಟರ್ಡ್ ಪಾತ್ರೆ ನೆಕ್ಕಿ ಬೆಳೆದವನೇ. ಕಸ್ಟರ್ಡಕ್ಕನನ್ನು ‘ಅಕ್ಕಾ’ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಒಂದು ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು, ಫ್ರಿಜ್ಜು ನಿಂತು, ಮಾಡಿಟ್ಟ ಕಸ್ಟರ್ಡೆಲ್ಲ ಹುಳಿಯಾಯಿತು. ಮರುದಿನ ಅವನೊಂದು ದೊಡ್ಡ ಡಬ್ಬಿ ತಂದು ಒಲೆಯ ಪಕ್ಕದಲ್ಲಿಟ್ಟ. ಒಳಗೆ ತಿಳಿಹಳದಿ ಪುಡಿ.

‘ಅಕ್ಕಾ, ಇದಕ್ಕೆ ಮೊಟ್ಟೆ ಬೇಡ, ಸಣ್ಣ ಉರಿ ಬೇಡ. ಬಿಸಿ ಹಾಲಿಗೆ ಹಾಕಿ ನಾಲ್ಕು ಸುತ್ತು ತಿರುವಿದ್ರೆ ಗಟ್ಟಿಯಾಗುತ್ತೆ. ಕೆಡೋದೂ ಇಲ್ಲ. ಬೇಸಿಗೆ ಮುಗಿಯೋವರೆಗೆ ನೋಡೋಣ.’

‘ರುಚಿ ಕೆಟ್ರೆ ಜನ ಬಾಗಿಲು ಮುರೀತಾರೆ ನೋಡಿ ಮತ್ತೆ,’ ಎಂದಳು ಅವಳು.

ಯಾರೂ ಬಾಗಿಲು ಮುರಿಯಲಿಲ್ಲ. ಮೊದಲ ದಿನ ಅವಳು ಹಿಂದಿನ ಕೋಣೆಯಿಂದ ಕಿವಿಗೊಟ್ಟು ನಿಂತಿದ್ದಳು. ದಿನಾ ಬರುವ ನಿವೃತ್ತ ಮೇಷ್ಟ್ರು ಬಂದರು, ತಿಂದರು, ಕೈ ಒರೆಸಿಕೊಂಡು ಹೋದರು. ಆಸ್ಪತ್ರೆಯ ನರ್ಸುಗಳು ಬಂದರು, ನಗುನಗುತ್ತ ತಿಂದರು. ಎರಡನೇ ದಿನವೂ ಅಷ್ಟೇ. ಬೇಸಿಗೆ ಮುಗಿಯಿತು, ಮಳೆ ಬಂತು, ಪುಡಿಯ ಡಬ್ಬಿ ಮಾತ್ರ ಒಲೆಯ ಪಕ್ಕದಿಂದ ಕದಲಲಿಲ್ಲ. ಅವಳೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎನ್ನುವುದೇ ಅವಳನ್ನು ಒಳಗೊಳಗೆ ಕೊರೆಯುತ್ತಿದ್ದ ಸಂಗತಿ. ಆ ವರ್ಷಗಳಲ್ಲಿ ಅವಳ ಬಲಭುಜ ಹಿಡಿದುಕೊಂಡುಬಿಟ್ಟಿತ್ತು. ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಮೇಲೆ ಹೋಗುತ್ತಿರಲಿಲ್ಲ. ಪುಡಿ ಬಂದ ಮೇಲೆ ನೋವು ಕಡಿಮೆಯಾಯಿತು. ‘ಯಜಮಾನರು ಹೇಳಿದ್ದು, ನಾನೇನು ಮಾಡ್ಲಿ’ ಎಂದು ತನಗೆ ತಾನೇ ಎಷ್ಟು ಹೇಳಿಕೊಂಡರೂ, ಪುಡಿಯ ಡಬ್ಬಿ ಕಂಡ ದಿನ ತನಗೆ ಮೊದಲು ಆದದ್ದು ಸಿಟ್ಟಲ್ಲ, ‘ಅಬ್ಬ, ಬದುಕಿದೆ’ ಅನ್ನುವ ಸಮಾಧಾನ ಎಂಬುದು ಅವಳಿಗೆ ಗೊತ್ತಿತ್ತು.

ಇನ್ನು ಉಳಿದದ್ದು ಅತ್ತೆ. ಅತ್ತೆಗೆ ವಾರಕ್ಕೊಮ್ಮೆ ಒಂದು ಹೊಟ್ಟೆಕೇಕು ಬೇಕು. ಬೀದಿಯ ಕಡೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ತಿನ್ನುವುದು ಅವಳ ಸಂಭ್ರಮ. ಅವಳ ನಾಲಿಗೆಗೆ ಪುಡಿ ತಿನ್ನಿಸುವ ಧೈರ್ಯ ಸೊಸೆಗಿರಲಿಲ್ಲ. ಹಾಗಂತ ನಿಜ ಹೇಳುವ ಧೈರ್ಯವೂ ಇರಲಿಲ್ಲ. ಮನೆಯಲ್ಲಿ ಮಾಡೋಣವೆಂದರೆ ಹಾಲು ಬಿಸಿಯಾದ ವಾಸನೆ ಹಿಡಿದೇ ‘ಏನೇ ಅದು?’ ಎಂದು ಕೂಗುವ ಮೂಗು ಅತ್ತೆಯದು. ಕೊನೆಗೆ ಅವಳು ಕಂಡುಕೊಂಡ ಜಾಗ ಗಂಡನ ಅಂಗಡಿ. ಅಲ್ಲಿ ಚಹಾ ಕಾಯಿಸಿಕೊಳ್ಳಲು ಒಂದು ಸಣ್ಣ ಸ್ಟೌವ್ ಇತ್ತು. ತುಕ್ಕು ಹಿಡಿದ ಬೀಗ, ಗೊಂಚಲು ಗೊಂಚಲು ಕೀಲಿಕೈ, ಅರದಿಂದ ಉದುರಿದ ಕಬ್ಬಿಣದ ಪುಡಿ, ಇವುಗಳ ನಡುವೆ ಒಂದು ಪುಟ್ಟ ಪಾತ್ರೆಯಲ್ಲಿ, ಎರಡೇ ಎರಡು ಮೊಟ್ಟೆಯ ಹಳದಿಯಲ್ಲಿ, ಅವಳು ನಿಜವಾದ ಕಸ್ಟರ್ಡ್ ಕಾಯಿಸುತ್ತಿದ್ದಳು. ಬೇಕರಿಯಿಂದ ತಂದ ಬಿಲ್ಲೆಗಳ ನಡುವೆ ಅದನ್ನು ತುಂಬಿ, ಬೇಕರಿಯ ಡಬ್ಬಿಯಲ್ಲೇ ಇಟ್ಟು, ದಾರವನ್ನೂ ಕಟ್ಟಿ ಮನೆಗೆ ತರುತ್ತಿದ್ದಳು. ಗಂಡ ಏನೂ ಕೇಳಲಿಲ್ಲ. ಪಾತ್ರೆ ಇಡುವ ಮುಂಚೆ ಮೇಜಿನ ಮೇಲಿನ ಕಬ್ಬಿಣದ ಪುಡಿಯನ್ನು ಊದಿ ಒರೆಸಿ ಕೊಡುತ್ತಿದ್ದ, ಅಷ್ಟೇ.

ಒಮ್ಮೆ ಅತ್ತೆ ತಿನ್ನುತ್ತ ತಿನ್ನುತ್ತ ನಿಲ್ಲಿಸಿ, ‘ಯಾಕೋ ಕಬ್ಬಿಣದ ವಾಸನೆ ಬರ್ತಿದೆಯಲ್ಲೇ,’ ಎಂದಳು.

‘ಹೊಸ ಪಾತ್ರೆ ತಂದಿದ್ದಾರೆ, ಅತ್ತೆ.’

‘ಹಳೇ ಪಾತ್ರೇನೇ ಕೊಡು ಅಂತ ಹೇಳು ನಿಮ್ಮ ಚಿಕ್ಕ ಯಜಮಾನನಿಗೆ. ಬೇರೆ ಎಲ್ಲ ಸರಿ ಇದೆ. ನಾನು ಮಾಡಿದ ಹಾಗೇ ಇದೆ.’ ಆಮೇಲೆ ಕಿಟಕಿಯಾಚೆ ಹೋಗುತ್ತಿದ್ದ ಯಾರನ್ನೋ ಕರೆದು, ‘ನಮ್ಮ ಸೊಸೆ ಕೈ ನೋಡಪ್ಪ! ಇಷ್ಟು ವರ್ಷವಾದ್ರೂ ಒಂದು ಕೂದಲೆಳೆ ಅತ್ತಿತ್ತ ಆಗಿಲ್ಲ,’ ಎಂದಳು. ಆ ಹೊತ್ತು ಸೊಸೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಹೀಗೆ ವರ್ಷಗಳೇ ಕಳೆದವು.

ಆಗ ಬಂದಳು ಪತ್ರಿಕೆಯವಳು. ಊರೂರು ಸುತ್ತಿ, ಅಲ್ಲಲ್ಲಿ ಹೆಸರಾದ ತಿಂಡಿಗಳನ್ನು ತಿಂದು, ಅವು ಆ ಹೆಸರಿಗೆ ತಕ್ಕಂತಿವೆಯೋ ಇಲ್ಲವೋ ಎಂದು ಬರೆಯುವುದು ಅವಳ ಕೆಲಸ. ಹಿಂದಿನ ತಿಂಗಳು ಯಾವುದೋ ಊರಿನ ಹೆಸರಾಂತ ಬಿಸ್ಕತ್ತನ್ನು ‘ಗೋಡೆಗೆ ಮೊಳೆ ಹೊಡೆಯಲು ಅಡ್ಡಿಯಿಲ್ಲ’ ಎಂದು ಬರೆದು ಆ ಊರಿನವರ ಕೈಲಿ ಬೈಸಿಕೊಂಡಿದ್ದಳು. ಈಗ ಹೊಟ್ಟೆಕೇಕಿನ ಸರದಿ.

ಚಿಕ್ಕ ಯಜಮಾನ ಹಿಂದಿನ ಸಂಜೆಯೇ ಬಂದು ತಲೆ ಕೆರೆಯುತ್ತ ನಿಂತ. ‘ಅಕ್ಕಾ, ಅವರಿಗೆ ಫೋಟೋ ಬೇಕಂತೆ. ಕಸ್ಟರ್ಡ್ ಮಾಡೋದನ್ನ ನೋಡಬೇಕಂತೆ. ಮೊಟ್ಟೆ ಹಾಲು ತರಿಸಿಟ್ಟಿದ್ದೀನಿ. ಹಳೇ ಥರ ಒಂದು ಸಲ ಮಾಡಿ ತೋರಿಸಿಬಿಡಿ. ಡಬ್ಬಿ... ಡಬ್ಬೀನ ನಾನು ಮೇಲಿನ ಅಟ್ಟದಲ್ಲಿ ಇಡ್ತೀನಿ.’

ಅವಳು ಹೂಂ ಎಂದಳು.

ಬೆಳಿಗ್ಗೆ ಪತ್ರಿಕೆಯವಳು ಕ್ಯಾಮೆರಾ ಹಿಡಿದು ಹಿಂದಿನ ಕೋಣೆಗೆ ಬಂದಳು. ಚೂಟಿ ಹೆಂಗಸು, ಕಣ್ಣಿಗೆ ಕನ್ನಡಕ, ನಡುವೆ ನಡುವೆ ನಗು. ಕಸ್ಟರ್ಡಕ್ಕ ಮೊಟ್ಟೆ ಒಡೆದಳು. ಹಳದಿಯನ್ನು ಈ ಚಿಪ್ಪಿನಿಂದ ಆ ಚಿಪ್ಪಿಗೆ ದಾಟಿಸಿ ತೋರಿಸಿದಳು. ಹಾಲನ್ನು ಎಳೆಯಾಗಿ ಬಿಟ್ಟಳು. ಬಾಯಿ ತನ್ನಷ್ಟಕ್ಕೆ ಮಾತಾಡತೊಡಗಿತು. ಅತ್ತೆ ಕಲಿಸಿದ್ದು, ಉರಿ ಹೇಗಿರಬೇಕು, ಕೈ ಯಾಕೆ ನಿಲ್ಲಬಾರದು. ಎಲ್ಲ ನಿಜವಾದ ಮಾತುಗಳೇ. ಒಂದಕ್ಷರವೂ ಸುಳ್ಳಲ್ಲ. ಆದರೂ ಒಂದೊಂದು ಮಾತು ಹೊರಬಂದಂತೆ ಅವಳ ಕಿವಿ ಬಿಸಿಯಾಗುತ್ತ ಹೋಯಿತು.

‘ದಿನಾ ಹೀಗೇ ಮಾಡ್ತೀರಾ?’ ಎಂದು ಪತ್ರಿಕೆಯವಳು ಬೆರಗಿನಿಂದ ಕೇಳಿದಳು.

‘ಹೀಗೇ ಮಾಡೋದು,’ ಎಂದಳು ಕಸ್ಟರ್ಡಕ್ಕ. ‘ದಿನಾ’ ಎಂಬ ಮಾತನ್ನು ನುಂಗಿಕೊಂಡಳು.

ಫೋಟೋ ತೆಗೆದಾಯಿತು. ಕಸ್ಟರ್ಡ್ ಇನ್ನೂ ಗಟ್ಟಿಯಾಗುವ ಮೊದಲೇ ಚಿಕ್ಕ ಯಜಮಾನ ಅತಿಥಿಯನ್ನು ಮುಂದಿನ ಅಂಗಡಿಗೆ ಕರೆದುಕೊಂಡು ಹೋಗಿ, ಬೆಳಗಿನ ತಟ್ಟೆಯಿಂದ ಒಂದು ಹೊಟ್ಟೆಕೇಕು ಕೊಟ್ಟ. ಅದು ಪುಡಿಯದು. ಪತ್ರಿಕೆಯವಳು ‘ಆಹಾ!’ ಎಂದದ್ದು ಒಳಗೆ ಒಲೆಯವರೆಗೂ ಕೇಳಿಸಿತು. ಕಸ್ಟರ್ಡಕ್ಕನ ಕೈ ನಿಂತುಹೋಯಿತು. ನೋಡನೋಡುತ್ತ ಪಾತ್ರೆಯಲ್ಲಿದ್ದದ್ದು ಒಡೆದು ಗಂಟುಗಂಟಾಯಿತು. ಅದನ್ನು ಅವಳು ಹಿತ್ತಲಿನ ಮೋರಿಗೆ ಸುರಿದಳು. ಬಟ್ಟಲಿಗೆ ಹಾಕಿಕೊಂಡು ತಿನ್ನಲು ಅಂದು ಅವಳಿಗೆ ಮನಸ್ಸಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಆದರೆ ಪತ್ರಿಕೆಯವಳಿಗೆ ಅತ್ತೆಯನ್ನು ನೋಡಬೇಕೆನಿಸಿತು. ಬೇಡ, ಮುದುಕಿಗೆ ಹುಷಾರಿಲ್ಲ, ಮಲಗಿರುತ್ತಾರೆ ಎಂದು ಕಸ್ಟರ್ಡಕ್ಕ ಏನೇನೋ ಹೇಳಿದಳು. ಅತ್ತೆಯಿಂದ ಪುಡಿಯ ವಿಷಯ ಮುಚ್ಚಿಟ್ಟದ್ದು ಚಿಕ್ಕ ಯಜಮಾನನಿಗೆ ಗೊತ್ತಿಲ್ಲದ್ದರಿಂದ, ‘ಏ, ಅಜ್ಜಿ ಗಟ್ಟಿಯಾಗಿದ್ದಾರೆ, ಹೋಗಿ ಬನ್ನಿ, ಖುಷಿಪಡ್ತಾರೆ,’ ಎಂದು ತಾನೇ ವಿಳಾಸ ಕೊಟ್ಟುಬಿಟ್ಟ.

ಆ ಸಂಜೆ ಕಸ್ಟರ್ಡಕ್ಕ ಮನೆಗೆ ಕಾಲಿಡುವ ಹೊತ್ತಿಗೆ ಪತ್ರಿಕೆಯವಳು ಆಗಲೇ ಅತ್ತೆಯ ಎದುರು ಮೊಣಕಾಲು ಮಡಚಿ ಕೂತಿದ್ದಳು. ಅವಳ ಪಕ್ಕದಲ್ಲಿ ದಾರ ಬಿಚ್ಚಿದ ರಟ್ಟಿನ ಡಬ್ಬಿ. ಅತ್ತೆಯ ತೊಡೆಯ ಮೇಲೆ ತಟ್ಟೆ.

‘ಬಾರೇ!’ ಎಂದಳು ಅತ್ತೆ, ಮುಖ ಅರಳಿಸಿಕೊಂಡು. ‘ನೋಡು, ಎಷ್ಟು ಒಳ್ಳೆ ಹೆಂಗಸು. ನನಗೆ ಅಂತ ಕೇಕು ತಂದಿದ್ದಾಳೆ. ಈ ವಾರ ಎರಡು ಸಿಕ್ಕಂತಾಯ್ತು.’

ಸೊಸೆ ಬಾಗಿಲಲ್ಲೇ ನಿಂತಳು. ಕಾಲು ಮುಂದೆ ಹೋಗಲಿಲ್ಲ. ಅತ್ತೆ ಚಮಚದಿಂದ ಕೇಕಿನ ಅಂಚು ಕತ್ತರಿಸಿದಳು. ಹೊಟ್ಟೆಯೊಳಗಿನ ಹಳದಿ ಕಣ್ಣಿಗೆ ಹೊಡೆಯುವಂತೆ ಹೊರಗೆ ಕಂಡಿತು. ಅತ್ತೆ ಚಮಚವನ್ನು ಸ್ವಲ್ಪ ಮೇಲೆತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಬಾಯಿಗಿಟ್ಟಳು.

ಅಗಿಯುತ್ತಿದ್ದ ದವಡೆ ನಿಂತಿತು.

ಪತ್ರಿಕೆಯವಳು ಪೆನ್ನು ಹಿಡಿದು ಕಾಯುತ್ತಿದ್ದಳು. ‘ಹೇಗಿದೆ ಅಜ್ಜಿ? ನೀವು ಮಾಡ್ತಿದ್ದ ಹಾಗೇ ಇದೆಯಾ?’

ಅತ್ತೆ ಸೊಸೆಯ ಕಡೆ ನೋಡಿದಳು. ಒಂದೇ ಒಂದು ನೋಟ. ಬೈಗುಳಕ್ಕಾದರೆ ಸೊಸೆ ತಯಾರಾಗಿದ್ದಳು. ಬೀಗರನ್ನೇ ಬಿಡದ ನಾಲಿಗೆ ತನ್ನನ್ನು ಬಿಟ್ಟೀತೇ? ಈಗ ಬಂತು, ಈಗ ಬಂತು ಎಂದು ಕಾದು ನಿಂತಳು.

‘ಚೆನ್ನಾಗಿದೆ,’ ಎಂದಳು ಅತ್ತೆ. ‘ಹಾಗೇ ಇದೆ.’

ಎಂದವಳೇ ಎರಡನೇ ಚಮಚ ತಿಂದಳು. ಮೂರನೆಯದು ತಿಂದಳು. ಪತ್ರಿಕೆಯವಳು ಹಳೆಯ ಕಾಲದ ಮಾತು ಕೇಳಿದಂತೆಲ್ಲ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತ, ತಟ್ಟೆಯಲ್ಲಿ ಒಂದು ಚೂರನ್ನೂ ಬಿಡದೆ ಎಲ್ಲವನ್ನೂ ತಿಂದು ಮುಗಿಸಿದಳು. ಸೊಸೆ ನೋಡುತ್ತಲೇ ಇದ್ದಳು. ಊಟದ ವಿಷಯದಲ್ಲಿ ಆ ಬಾಯಿಂದ ಅವಳು ಕೇಳಿದ ಮೊದಲ ಸುಳ್ಳು ಅದು. ತನ್ನ ಮಾನ ಉಳಿಸಲು ಹೇಳಿದ ಸುಳ್ಳು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ.

ಪತ್ರಿಕೆಯವಳು ಹೋದ ಮೇಲೆ ಸೊಸೆ ತಟ್ಟೆ ತೆಗೆದುಕೊಳ್ಳಲು ಬಗ್ಗಿದಾಗ ಅತ್ತೆ ಕೇಳಿದಳು:

‘ಎಷ್ಟು ವರ್ಷದಿಂದ?’

‘...ದೊಡ್ಡ ಯಜಮಾನರು ಹೋದ ಮರುವರ್ಷದಿಂದ.’

‘ಮತ್ತೆ ನನಗೆ ತರ್ತಿದ್ದದ್ದು?’

‘ಅದು ನಾನೇ... ಇವರ ಅಂಗಡೀಲಿ, ಸ್ಟೌವಿನ ಮೇಲೆ...’

‘ಹಾಗೇ ಹೇಳು. ಕಬ್ಬಿಣದ ವಾಸನೆ ಸುಮ್ಮನೆ ಬಂದಿರಲಿಲ್ಲ.’ ಅತ್ತೆ ಕಣ್ಣು ಮುಚ್ಚಿಕೊಂಡಳು. ‘ಊರಿಗೆಲ್ಲ ಒಂದು, ನನಗೊಂದು. ನಾನಿಲ್ಲಿ ಕೂತ್ಕೊಂಡು ಹೋಗೋರನ್ನೆಲ್ಲ ಕರೆದು ಕರೆದು ಹೇಳಿದ್ನಲ್ಲೇ, ಕೂದಲೆಳೆ ಅತ್ತಿತ್ತ ಆಗಿಲ್ಲ ಅಂತ. ಅವರೆಲ್ಲ ಈ ಕೇಕನ್ನೇ ತಿಂದವರು. ನನ್ನ ಬೆನ್ನ ಹಿಂದೆ ಏನಂದುಕೊಂಡಿರ್ತಾರೆ? ಮುದುಕಿಗೆ ನಾಲಿಗೆ ಸತ್ತುಹೋಗಿದೆ ಅಂತ ತಾನೆ?’

‘ಯಾರೂ ಏನೂ ಅಂದಿಲ್ಲ ಅತ್ತೆ. ಅವರಿಗೆ ಗೊತ್ತೇ ಆಗಿಲ್ಲ.’

‘ಅದು ಇನ್ನೂ ಚೆನ್ನಾಯ್ತು,’ ಎಂದಳು ಅತ್ತೆ. ‘ಯಾಕೆ ಹೇಳ್ಲಿಲ್ಲ ನನಗೆ?’

‘ಭುಜ ನೋಯ್ತಿತ್ತು ಅತ್ತೆ.’ ಗಂಡನಿಗೂ ಹೇಳದ ಮಾತು, ಯಜಮಾನನಿಗೂ ಹೇಳದ ಮಾತು, ಬಾಯಿ ತಪ್ಪಿ ಬಂದಂತೆ ಬಂತು. ‘ಪುಡಿ ಬಂದಾಗ ನನಗೆ ಒಳ್ಳೇದೇ ಆಯ್ತು ಅನ್ನಿಸ್ತು. ಅದಕ್ಕೇ ಹೇಳ್ಲಿಲ್ಲ.’

ಅತ್ತೆ ಆ ಭುಜದ ಕಡೆ ನೋಡಿದಳು, ಮತ್ತೆ ಬೀದಿಯ ಕಡೆ ತಿರುಗಿದಳು. ‘ಈ ಕುರ್ಚೀನ ಒಳಗೆ ಹಾಕು,’ ಎಂದಳು. ‘ಕಿಟಕಿ ಹತ್ರ ಗಾಳಿ ಜಾಸ್ತಿ.’

ಗಾಳಿಯೇ ಇರಲಿಲ್ಲ. ಸೊಸೆ ಕುರ್ಚಿಯನ್ನು ಒಳಗಿನ ಗೋಡೆಯ ಪಕ್ಕಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಕಸ್ಟರ್ಡಕ್ಕ ಪತ್ರಿಕೆಯವಳು ಇಳಿದುಕೊಂಡಿದ್ದ ಲಾಡ್ಜಿಗೆ ಹೋದಳು. ಮೆಟ್ಟಿಲ ಬಳಿ ಎರಡು ಸಲ ಹಿಂದಕ್ಕೆ ಬಂದು, ಮೂರನೇ ಸಲ ಹತ್ತಿದಳು. ಪತ್ರಿಕೆಯವಳು ಪೆಟ್ಟಿಗೆ ಕಟ್ಟುತ್ತಿದ್ದಳು. ಕಸ್ಟರ್ಡಕ್ಕ ನಿಂತೇ ಎಲ್ಲ ಹೇಳಿದಳು. ಪುಡಿ, ಅಟ್ಟ ಸೇರಿದ ಡಬ್ಬಿ, ಮೋರಿಗೆ ಸುರಿದದ್ದು, ಅತ್ತೆ ಹೇಳಿದ ಸುಳ್ಳು.

ಪತ್ರಿಕೆಯವಳು ಮಂಚದ ತುದಿಯಲ್ಲಿ ಕೂತಳು. ಕನ್ನಡಕ ತೆಗೆದು ಒರೆಸಿದಳು.

‘ನೋಡಿ ಅಮ್ಮಾ, ನನಗೂ ನಾಚಿಕೆ ಆಗೋ ವಿಷಯ ಇದು. ನಾನು ತಿಂದು ನೋಡಿ ಹೇಳೋಳು. ನನಗೆ ಗೊತ್ತಾಗಲಿಲ್ಲ. ನೀವು ಒಲೆ ಮುಂದೆ ಹೇಳಿದ್ದೆಲ್ಲ ಕಿವೀಲಿತ್ತು, ಅದರ ಜೊತೆಗೇ ತಿಂದೆ, ರುಚಿ ಅನ್ನಿಸ್ತು. ಹೆಸರಿಗೆ ತಕ್ಕ ಕೇಕು ಅಂತ ಬರೆದು ನಿನ್ನೇನೇ ಕಳಿಸಿಬಿಟ್ಟೆ.’ ಕನ್ನಡಕ ಮತ್ತೆ ಹಾಕಿಕೊಂಡು ಮುಂದುವರಿಸಿದಳು: ‘ಫೋನ್ ಮಾಡಿ ತಡೆಸಬಹುದು. ಬೇರೆ ಬರೀತೀನಿ. ನಿಮ್ಮ ಹೆಸರು ಹಾಕೋಲ್ಲ. ಆದ್ರೆ ಹೇಳಿದ್ದು ಯಾರು ಅಂತ ನಿಮ್ಮ ಯಜಮಾನರಿಗೆ ಗೊತ್ತಾಗೇ ಆಗುತ್ತೆ. ಮಾಡ್ಲಾ?’

ಇಲ್ಲಿಗೆ ಬರುವಾಗ ಕಸ್ಟರ್ಡಕ್ಕನ ಮನಸ್ಸು ಗಟ್ಟಿಯಾಗಿಯೇ ಇತ್ತು. ಈಗ ಮಾಡ್ಲಾ ಎಂದು ಎದುರಿಗೇ ಕೇಳಿದಾಗ ಚಿಕ್ಕ ಯಜಮಾನನ ಮುಖ ಕಣ್ಣಮುಂದೆ ಬಂತು. ಪಾತ್ರೆ ನೆಕ್ಕುತ್ತಿದ್ದ ಆ ಹುಡುಗ. ಬೀದಿಯಲ್ಲಿ ಎದುರಾಗುವ ಮೇಷ್ಟ್ರು, ನರ್ಸುಗಳು. ಇವಳೇ, ಇಷ್ಟು ವರ್ಷ ನಮಗೆ ಪುಡಿ ತಿನ್ನಿಸಿದವಳು ಇವಳೇ ಎಂದು ತಿರುಗಿ ನೋಡುವ ಕಣ್ಣುಗಳು.

‘ಬೇಡ ಬಿಡಿ,’ ಎಂದಳು. ಧ್ವನಿ ತನಗೇ ಕೇಳಿಸದಷ್ಟು ಸಣ್ಣಗಿತ್ತು. ‘ಬರೆದದ್ದು ಇರಲಿ.’

ಮೆಟ್ಟಿಲು ಇಳಿಯುವಾಗ, ಬರದೇ ಇದ್ದಿದ್ದರೇ ವಾಸಿಯಿತ್ತು ಅನ್ನಿಸಿತು. ನಿಜ ಗೊತ್ತಿರುವವರಲ್ಲಿ ಇನ್ನೊಬ್ಬಳು ಹೆಚ್ಚಾದಳು, ಅಷ್ಟೇ.

ಲೇಖನ ಬಂತು. ಅರ್ಧ ಪುಟದ ಫೋಟೋ: ಮರದ ಸೌಟು ಹಿಡಿದು ಬಗ್ಗಿದ ಕಸ್ಟರ್ಡಕ್ಕ, ಪಕ್ಕದಲ್ಲಿ ಮೊಟ್ಟೆಯ ಬುಟ್ಟಿ. ಚಿಕ್ಕ ಯಜಮಾನ ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಹಿಂದಿನ ಗೋಡೆಗೆ ತೂಗುಹಾಕಿದ. ಗಿರಾಕಿಗಳು ಫೋಟೋ ನೋಡಿ, ಅವಳನ್ನು ನೋಡಿ, ಕೈಮುಗಿದು ಹೋಗುತ್ತಿದ್ದರು. ಆಗೆಲ್ಲ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಅತ್ತೆ ಮಾತು ಬಿಟ್ಟಿರಲಿಲ್ಲ, ಆದರೆ ಕೇಕು ಬಿಟ್ಟಿದ್ದಳು. ಆ ವಾರ ಸೊಸೆ ಕೇಕು ತಂದಿಟ್ಟರೆ, ‘ಸಿಹಿ ಸಾಕು ನನಗಿನ್ನು’ ಎಂದು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

ಒಂದು ಬೆಳಿಗ್ಗೆ ಕಸ್ಟರ್ಡಕ್ಕ ಪುಡಿಯ ಡಬ್ಬಿ ಮುಟ್ಟದೆ ಗಲ್ಲಾದ ಮುಂದೆ ಬಂದು ನಿಂತಳು.

‘ಒಂದು ದಿನ, ಒಂದೇ ದಿನ ಹಳೇ ಥರ ಮಾಡ್ತೀನಿ. ಮೊಟ್ಟೆ ತರಿಸಿ.’

‘ಯಾಕಕ್ಕಾ ಈಗ? ಎಲ್ಲ ಚೆನ್ನಾಗೇ ನಡೀತಿದೆಯಲ್ಲ.’

‘ಗೋಡೆ ಮೇಲೆ ನನ್ನ ಫೋಟೋ ಹಾಕಿದ್ದೀರಿ. ಅದರಲ್ಲಿರೋದನ್ನ ಒಂದು ದಿನವಾದ್ರೂ ಮಾಡ್ಬೇಕು ನಾನು. ಇಲ್ಲಾಂದ್ರೆ ಅದನ್ನ ಇಳಿಸಿ.’

ಅವಳು ಎಂದೂ ಹಾಗೆ ಮಾತಾಡಿದವಳಲ್ಲ. ಅವನು ಅವಳ ಮುಖ ನೋಡಿ ಮೊಟ್ಟೆ ತರಿಸಿದ.

ಆ ದಿನ ಅವಳು ಭುಜದ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ದೊಡ್ಡ ಪಾತ್ರೆಯಲ್ಲಿ ಕಾಯಿಸಿದಳು. ಒಡೆಯಲಿಲ್ಲ. ಸೌಟಿನ ಬೆನ್ನಿಗೆ ರೇಷ್ಮೆಯಂತೆ ಅಂಟಿಕೊಂಡಿತು. ನಾಲಿಗೆಯ ಮೇಲಿಟ್ಟು ನೋಡಿದಾಗ ಕಣ್ಣಲ್ಲಿ ನೀರು ಬಂತು. ಕೇಕುಗಳನ್ನು ತುಂಬಿ ಮುಂದಿನ ಗಾಜಿನ ಪೆಟ್ಟಿಗೆಗೆ ಕಳಿಸಿ, ಬಾಗಿಲ ಮರೆಯಲ್ಲಿ ನಿಂತಳು. ಈಗ ಯಾರಾದರೊಬ್ಬರು ತಲೆಯೆತ್ತಿ, ‘ಅರೆ, ಇದು ಹಳೇ ರುಚಿ!’ ಎನ್ನುತ್ತಾರೆ. ಅಷ್ಟಾದರೆ ಸಾಕು. ಆಮೇಲೆ ಎಲ್ಲರೆದುರೂ ನಿಜ ಹೇಳಿಬಿಡುತ್ತೇನೆ ಎಂದುಕೊಂಡಿದ್ದಳು.

ಮೇಷ್ಟ್ರು ಬಂದರು. ಒಂದು ತುತ್ತು ತಿಂದು, ಕೇಕನ್ನು ತಿರುಗಿಸಿ ಒಳಗೆ ಇಣುಕಿದರು. ‘ಏನಪ್ಪಾ, ಇವತ್ತು ಬಿಳಿಚಿಕೊಂಡಿದೆಯಲ್ಲ? ಮೊಟ್ಟೆ ವಾಸನೆ ಬೇರೆ.’ ನರ್ಸೊಬ್ಬಳು ಅರ್ಧ ತಿಂದು ತಟ್ಟೆಯಲ್ಲೇ ಬಿಟ್ಟಳು. ತವರಿಗೆ ಬಂದಿದ್ದ ಹೆಂಗಸೊಬ್ಬಳು ಡಬ್ಬಿಯನ್ನು ವಾಪಸ್ಸು ತಂದು, ‘ಕೆಟ್ಟಿರ್ಬೇಕು ನೋಡಿ, ನಮ್ಮ ಹೊಟ್ಟೆಕೇಕು ಹೀಗಿರೋಲ್ಲ. ಹುಟ್ಟಿದಾಗಿನಿಂದ ತಿಂದೋಳು ನಾನು,’ ಎಂದು ಗಲ್ಲಾದ ಮೇಲಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಚಿಕ್ಕ ಯಜಮಾನ ಹಿಂದಿನ ಕೋಣೆಗೆ ಬಂದ. ಅವನೇನೂ ಗೆದ್ದವನ ಹಾಗೆ ಬರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು, ಮಿಕ್ಕ ಒಂದು ಕೇಕನ್ನು ನಿಧಾನವಾಗಿ ಪೂರ್ತಿ ತಿಂದ.

‘ಅಪ್ಪನ ಕಾಲದ್ದೇ ರುಚಿ ಅಕ್ಕಾ,’ ಎಂದ. ‘ಆದ್ರೆ ಏನು ಮಾಡೋಣ ಹೇಳಿ?’

ಅವಳು ಪಾತ್ರೆ ತಿಕ್ಕತೊಡಗಿದಳು. ಇಷ್ಟು ದಿನ ಜನರಿಗೆ ಸುಳ್ಳು ತಿನ್ನಿಸುತ್ತಿದ್ದೇನೆ ಎಂಬ ನಾಚಿಕೆಯಿತ್ತು. ನಿಜವನ್ನು ಮುಂದಿಟ್ಟರೂ ಗುರುತು ಹಿಡಿಯದಂತೆ ಊರಿನ ನಾಲಿಗೆಯನ್ನೇ ಬದಲಿಸಿಬಿಟ್ಟೆನಲ್ಲ ಎಂಬುದು ಅದಕ್ಕಿಂತ ದೊಡ್ಡದಾಗಿ ಎದೆಯ ಮೇಲೆ ಕೂತಿತು. ಇದನ್ನು ತಿರುಗಿಸುವ ದಾರಿ ಅವಳಿಗೆ ಕಾಣಲಿಲ್ಲ.

ಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಲಾಡ್ಜಿನ ಮೆಟ್ಟಿಲು ಹತ್ತಿ ಇಳಿದದ್ದನ್ನೂ ಬಿಡಲಿಲ್ಲ. ಕೆಟ್ಟಿದೆಯೆಂದು ಡಬ್ಬಿ ವಾಪಸ್ಸು ತಂದವಳ ಮಾತು ಬಂದಾಗ ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಬಹಳ ದಿನಗಳ ಮೇಲೆ ಬಂದ ನಗು.

‘ನಿನಗೊಂದು ಹೇಳ್ತೀನಿ, ಯಾರಿಗೂ ಹೇಳ್ಬೇಡ,’ ಎಂದಳು. ‘ಆ ಕೇಕಿನ ರುಚಿ ಮೊದಲಿನಿಂದಲೂ ಅಂಥ ವಿಶೇಷವೇನೂ ಅಲ್ಲ ಕಣೇ. ಆಗ ಸ್ಟೇಷನ್ ಎದುರಿಗೆ ಬೇರೆ ಒಂದು ಅಂಗಡಿ ಇರಲಿಲ್ಲ. ಜನ ಹಸಿದುಕೊಂಡು ಇಳೀತಿದ್ರು. ಹಸಿದವರಿಗೆ ಮೆತ್ತಗೆ, ಸಿಹಿಯಾಗಿ ಏನು ಕೊಟ್ರೂ ಹೊಗಳ್ತಾರೆ. ಹಾಗೆ ಬಂದ ಹೆಸರು ಅದು. ನನಗೂ ಗೊತ್ತಿತ್ತು, ದೊಡ್ಡ ಯಜಮಾನರಿಗೂ ಗೊತ್ತಿತ್ತು.’

ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು. ‘ಮತ್ತೆ ನನಗೆ ಅಷ್ಟೆಲ್ಲ ಯಾಕೆ ಗೋಳು ಹೊಯ್ಕೊಂಡ್ರಿ?’

‘ಹೆಸರಿಗೋಸ್ಕರ ಅಲ್ಲ. ಇಷ್ಟು ಹೊಗಳ್ತಾರಲ್ಲ, ನಾಚಿಕೆಯಾಗ್ತಿತ್ತು ನನಗೆ. ಅಷ್ಟು ಹೊಗಳಿಸಿಕೊಂಡ ಮೇಲೆ ಒಳಗಿರೋದಾದ್ರೂ ನೆಟ್ಟಗಿರಲಿ ಅಂತ ಮಾಡಿದೆ.’ ನಗು ಮುಖದಿಂದ ಇಳಿಯಿತು. ‘ನೀನು ಪುಡಿ ಹಾಕಿದ್ದಕ್ಕಲ್ಲ ನನಗೆ ಬೇಜಾರು. ಭುಜ ನೋಯುತ್ತೆ ಅತ್ತೆ ಅಂತ ಒಂದು ಮಾತು ಹೇಳ್ಬಹುದಿತ್ತು. ನನ್ನನ್ನ ಅಷ್ಟೂ ನಂಬಲಿಲ್ಲವಲ್ಲ.’

ಕ್ಷಮಿಸಿದೆ ಎಂಬ ಮಾತು ಅತ್ತೆಯ ಬಾಯಿಂದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ಮಲಗುವ ಮುಂಚೆ ಎಣ್ಣೆಯ ಶೀಶೆ ತರಲು ಹೇಳಿ, ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಆ ಭುಜವನ್ನು ನೋಯುವಷ್ಟು ಗಟ್ಟಿಯಾಗಿ ತಿಕ್ಕಿದಳು.

ತಿಂಗಳು ಕಳೆಯುವಷ್ಟರಲ್ಲಿ ಕಸ್ಟರ್ಡಕ್ಕ ಒಲೆ ಬಿಟ್ಟು ಮುಂದಿನ ಅಂಗಡಿಗೆ ಬಂದಳು. ಭುಜದ ಕಾರಣ ಹೇಳಿದಳು. ಚಿಕ್ಕ ಯಜಮಾನ ಒಪ್ಪಿಕೊಂಡ. ಪುಡಿ ತಿರುವಲು ಯಾರಾದರೂ ಆಗುತ್ತದೆ. ಅವಳು ಕೇಳಿದ ಮೇಲೆ ಗೋಡೆಯ ಫೋಟೋವನ್ನೂ ಇಳಿಸಿದ. ಗಿರಾಕಿಗಳು ಎಲ್ಲಿ ಎಂದು ಕೇಳಿದರೆ ಗಾಜು ಒಡೆದಿದೆ ಎನ್ನುತ್ತಿದ್ದ.

ಗಲ್ಲಾದ ಪಕ್ಕ ನಿಂತು ಡಬ್ಬಿಗೆ ದಾರ ಕಟ್ಟುವುದು ಈಗ ಅವಳ ಕೆಲಸ. ಒಂದು ದಿನ ರೈಲಿಳಿದು ಗಂಡಹೆಂಡತಿಯಿಬ್ಬರು ಬಂದರು. ಬೇರೆ ಊರಿನವರು, ಮೊದಲ ಸಲ ಬಂದವರು. ಗಾಜಿನ ಪೆಟ್ಟಿಗೆಯೊಳಗೆ ಇಣುಕಿ, ಹೆಂಡತಿ ಕೇಳಿದಳು:

‘ಅಕ್ಕಾ, ಇದೇನಾ ಆ ಹೊಟ್ಟೆಕೇಕು? ಜನ ಹೇಳೋವಷ್ಟು ಚೆನ್ನಾಗಿದೆಯಾ?’

ಚಿಕ್ಕ ಯಜಮಾನ ಚಿಲ್ಲರೆ ತೆಗೆಯುತ್ತಿದ್ದವನು ತಲೆಯೆತ್ತಿದ. ಕಸ್ಟರ್ಡಕ್ಕನ ಕಿವಿ ಕೆಂಪಾಯಿತು. ಅವನ ಕಡೆ ನೋಡಲಿಲ್ಲ.

‘ಇಲ್ಲ,’ ಎಂದಳು. ‘ಅಷ್ಟೇನಿಲ್ಲ. ಒಳಗಿರೋದು ಪುಡಿ ಕಲಸಿದ್ದು. ಮುಂಚೆ ಮೊಟ್ಟೇಲಿ ಕಾಯಿಸ್ತಿದ್ವಿ, ಈಗಿಲ್ಲ. ತಿನ್ನೋಕೆ ಅಡ್ಡಿಯಿಲ್ಲ.’

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಚಿಕ್ಕ ಯಜಮಾನನ ಕೈಯಲ್ಲಿ ಚಿಲ್ಲರೆ ಹಾಗೇ ಇತ್ತು. ಹೊರಗೆ ರೈಲು ಕೂಗು ಹಾಕಿತು.

‘ಇರಲಿ, ಎರಡು ಕೊಟ್ಟುಬಿಡಿ,’ ಎಂದ ಗಂಡ, ಅವಸರದಲ್ಲಿ. ‘ಊರಿಗೆ ಹೋದ್ರೆ ತಂದ್ರಾ ಅಂತ ಕೇಳ್ತಾರೆ.’

ಅವಳು ಎರಡು ಕೇಕುಗಳನ್ನು ಡಬ್ಬಿಯಲ್ಲಿಟ್ಟು ದಾರ ಸುತ್ತಿದಳು. ಮೊದಲ ಗಂಟು ಜಾರಿತು. ಬಿಚ್ಚಿ, ಮತ್ತೆ ಕಟ್ಟಿಕೊಟ್ಟಳು.